ಪುಟದ ತಲೆಯಲ್ಲಿದ್ದ ಹೆಸರು

"ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಕೆಳಗಡೆ ಮಿಷನ್ ಓಡ್ತಿದೆ..."

ಮಿಷನ್ ಅಂದರೆ ದೊಡ್ಡದೇನಲ್ಲ, ಪಾತ್ರೆಗಳ ಮೇಲೆ ಹೆಸರು ಕೊರೆಯುವ, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ. ವಿಜಯನಗರದ ಆ ಸ್ಟೀಲ್ ಅಂಗಡಿಯಲ್ಲಿ ಎರಡು ಲೋಟ ಕೊಂಡವರೂ ಹೆಸರು ಕೊರೆಸದೆ ಹೊರಡುವುದಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಕೂತು ವೆಬ್ ಪುಟ ನೋಡಿಕೊಳ್ಳುವ ಚೈತನ್ಯಾಗೆ ಅದರ ಗುರ್ ಗುರ್ ಸದ್ದು ದಿನದ ಸಂಗಾತಿ. ಆ ಪುಟಗಳ ಆಫೀಸಿನ ಯಜಮಾನರು ನಾಗಭೂಷಣ್, ಕೆಲಸಕ್ಕೆ ಇವಳೊಬ್ಬಳೇ. ಬ್ಯಾಂಕಿಗೆಂದು ಹೋದ ಯಜಮಾನರು ಊಟ, ನಿದ್ದೆ ಎರಡೂ ಮುಗಿಸಿಕೊಂಡೇ ಬರುವವರು.

"ಯಾವ ಛತ್ರ ಸಾರ್?... ಮಹಾಲಕ್ಷ್ಮಿ ಲೇಔಟ್... ಹಾಂ ಹಾಂ, ತಮ್ಮಣ್ಣನವರು ಅಲ್ವಾ, ಬುಕಿಂಗ್ ನೋಡ್ಕೊಳ್ಳೋರು? ಹೇಳಿ ಸಾರ್. ಫೋನ್ ನಂಬರ್ ಬದಲಾಯ್ಸಿ ಅಂದಿದ್ರಲ್ಲ, ಅದು ಹೋದ ವಾರಾನೇ ಆಯ್ತು..."

"ಬೆಳಿಗ್ಗೆಯಿಂದ ಟ್ರೈ ಮಾಡ್ತಿದೀರಾ?... ಎಂಗೇಜ್ ಬರ್ತಿತ್ತಾ... ಹೌದು ಸಾರ್, ನೆಟ್ ಹಾಕಿದ್ದೆ. ನಮ್ದೂ ಒಂದೇ ಲೈನು..."

ಎರಡು ಸಾವಿರದ ನಾಲ್ಕನೇ ಇಸವಿಯ ಮಾತಿದು. ನೆಟ್ ಬೇಕೆಂದರೆ ಫೋನಿನ ತಂತಿ ಕಿತ್ತು ಕಂಪ್ಯೂಟರಿಗೆ ಚುಚ್ಚಬೇಕು. ಅಷ್ಟು ಹೊತ್ತು ಆ ಮನೆಗೆ ಫೋನಿಲ್ಲ. ಚೈತನ್ಯಾ ಈವತ್ತು ಒಂಬತ್ತಕ್ಕೆ ಚುಚ್ಚಿದವಳು ಹನ್ನೊಂದೂವರೆಗೆ ಕಿತ್ತಿದ್ದಳು. ದೊಡ್ಡ ಕೆಲಸವೊಂದು ಮುಗಿದಿತ್ತು.

"ಹುಡುಗನಾ? ಯಾವ ಹುಡುಗ ಸಾರ್?... ನಮ್ಮಲ್ಲಿ ಹುಡುಗ ಅಂತ ಯಾರೂ ಇಲ್ವಲ್ಲ, ಇರೋದು ನಾನೊಬ್ಳೇ... ಯಾರು ಕೂತಿದಾರೆ?..."

ತಮ್ಮಣ್ಣನವರ ತಕರಾರು ಇಷ್ಟು. ಒಂಬತ್ತೂವರೆಗೆ ಒಬ್ಬ ಹೆಂಗಸು ಬಂದು ಆಫೀಸಿನ ಬೆಂಚಿನ ಮೇಲೆ ಕೂತಿದ್ದಾರೆ. ಉಟ್ಟಿರುವುದು ಇಳಕಲ್ ಸೀರೆ, ಮಡಿಲಲ್ಲಿ ನಾಲ್ಕು ಗಂಟಿನ ಬುತ್ತಿ. ಮದುವೆಗೆ ಛತ್ರ ಬೇಕೇ ಅಂದರೆ ಬೇಡ, ಯಾರನ್ನು ನೋಡಬೇಕು ಅಂದರೆ ನಿಮ್ಮ ಕಂಪ್ಯೂಟರ್ ಪುಟ ತಿದ್ದುವ ಹುಡುಗನನ್ನು, ಅವನು ಬರೋವರೆಗೆ ಏಳುವುದಿಲ್ಲ ಅನ್ನುತ್ತಾರೆ. ಜಗಳವಿಲ್ಲ, ಗಲಾಟೆಯಿಲ್ಲ. ಸುಮ್ಮನೆ ಬಾಗಿಲು ನೋಡುತ್ತಾ ಕೂತಿರುವವರನ್ನು ಏನು ಮಾಡುವುದು ಎಂದು ಅವರಿಗೆ ತೋಚದೆ, ಪುಟ ಮಾಡಿಕೊಟ್ಟವರಿಗೇ ಫೋನು ಮಾಡಿದ್ದಾರೆ.

ಕೂತವರು ಯಾರೆಂದು ಚೈತನ್ಯಾಗೆ ತಕ್ಷಣ ಗೊತ್ತಾಯಿತು.

"ಅವರಿಗೇ ಕೊಡಿ ಸಾರ್ ಫೋನು... ಹೂಂ, ನಂಗೆ ಗೊತ್ತು ಅವರು. ಕೊಡಿ..."

"ಶಿವಕ್ಕ?... ಹಾಂ, ನಾನೇ, ಚೈತನ್ಯಾ... ನೀವ್ಯಾಕೆ ಅಲ್ಲಿಗೆ ಹೋದ್ರಿ ಅಕ್ಕ? ನಾನು ಊಟಕ್ಕೆ ಬರ್ತಿದ್ನಲ್ಲ, ಕೂತ್ಕೊಂಡು ಮಾತಾಡ್ಬಹುದಿತ್ತು... ಖಾನಾವಳಿ?... ದಾನಮ್ಮನ ಕೈಗೆ ಬಿಟ್ಟು ಬಂದ್ರಾ..."

ಶಿವಕ್ಕ ಆರ್‌ಪಿಸಿ ಲೇಔಟಿನಲ್ಲಿ ಜೋಳದ ರೊಟ್ಟಿ ಖಾನಾವಳಿ ನಡೆಸುವವರು. ಚೈತನ್ಯಾ ಆರು ತಿಂಗಳಿಂದ ಅಲ್ಲಿ ಉಣ್ಣುತ್ತಾಳೆ. ಹತ್ತು ವರ್ಷದಲ್ಲಿ ಒಂದು ದಿನವೂ ಒಲೆ ಬಿಟ್ಟು ಹೋದವರಲ್ಲವಂತೆ, ಬಸವ ಜಯಂತಿಗೂ ಮಧ್ಯಾಹ್ನದ ಮೇಲೇ ರಜೆ. ಅಂಥವರು ಈವತ್ತು ಬಿಟ್ಟು ಹೋಗಿದ್ದಾರೆ.

ಅವರಿಗೊಬ್ಬ ತಮ್ಮ, ಅರುಣ. ಅವ್ವ ಮುತ್ತವ್ವ ತೀರಿಕೊಂಡಾಗ ಅವನಿಗೆ ಏಳು ವರ್ಷ, ಮಗನ ಹಾಗೇ ಸಾಕಿದರು. ಗದಗದಿಂದ ಇಬ್ಬರೂ ಕೂಡಿ ಬಂದರು. ಅಕ್ಕ ರೊಟ್ಟಿ ತಟ್ಟಿದರು, ತಮ್ಮ ಕಂಪ್ಯೂಟರ್ ಕಲಿತ. ಒಂದು ಸೆಂಟರಿನಲ್ಲಿ ವೆಬ್ ಪುಟ ಮಾಡುವ ಕೆಲಸವೂ ಸಿಕ್ಕಿತು. ಆ ಸೆಂಟರ್ ಮುಚ್ಚಿತು. ಎರಡು ತಿಂಗಳು ಮನೆಯಲ್ಲೇ ಇದ್ದ. ಒಂದು ಮಧ್ಯಾಹ್ನ, ಗಿರಾಕಿಗಳ ಗಲಾಟೆಯ ನಡುವೆ, ಕೂತು ಉಣ್ಣೋಕೆ ನಾಚಿಕೆ ಆಗಲ್ವೇನೋ ಎಂದು ಶಿವಕ್ಕನ ಬಾಯಿಂದ ಬಂತು. ಅರುಣ ಅರ್ಧ ರೊಟ್ಟಿ ಬಿಟ್ಟು ತಟ್ಟೆಯಿಂದ ಎದ್ದ, ಕೈ ತೊಳೆದ, ಹೋದ. ಅದಾಗಿ ಮೂರು ವರ್ಷ. ಠಾಣೆಯಲ್ಲಿ ಬರೆಸಿದ್ದಾಯಿತು, ಹುಬ್ಬಳ್ಳಿ, ಪುಣೆಗೆ ಜನ ಕಳಿಸಿ ಹುಡುಕಿಸಿದ್ದಾಯಿತು. ಕಂಪ್ಯೂಟರ್ ಗೊತ್ತಿದ್ದ ಯಾರೇ ಊಟಕ್ಕೆ ಬರಲಿ, ಶಿವಕ್ಕ ಎರಡನೇ ರೊಟ್ಟಿ ಹಾಕುವಾಗ ಹೇಳುವ ಮಾತೊಂದೇ: ಅರುಣ ಸಿದ್ದಬಸಪ್ಪ ಅಣ್ಣಿಗೇರಿ ಅಂತ ಎಲ್ಲಿಯಾದರೂ ಕಂಡರೆ ನನಗೆ ಹೇಳು ತಂಗಿ.

ನಿನ್ನೆ ಚೈತನ್ಯಾಗೆ ಅದು ಕಂಡಿತ್ತು.

"ಇಲ್ಲ ಅಕ್ಕ, ಕೇಳಿ ಇಲ್ಲಿ... ಎಣ್ಣೆಗಾಯಿ ತಂದಿದೀರಾ?... ಶೇಂಗಾ ಹಿಂಡಿ... ಅಕ್ಕ... ಅಕ್ಕ, ನಂಗೊಂದು ಮಾತು ಆಡೋಕೆ ಬಿಡಿ..."

ಬಿಡಲಿಲ್ಲ. ಬುತ್ತಿ ತಣ್ಣಗಾದರೆ ಅವನು ಉಣ್ಣುವುದಿಲ್ಲ, ಎಷ್ಟು ಗಂಟೆಗೆ ಬರುತ್ತಾನೆ ಅಂತ ಒಂದು ಮಾತು ಹೇಳಿಬಿಡು ಎನ್ನುತ್ತಿದ್ದರು. ನಿನ್ನೆ ಇಷ್ಟೇ ಉತ್ಸಾಹದಿಂದ ಬಡಬಡಿಸಿದವಳು ಚೈತನ್ಯಾ.

ನಿನ್ನೆ ಆದದ್ದು ಹೀಗೆ. ಆಫೀಸಿನ ಇನ್ನೂರ ಹನ್ನೆರಡು ಪುಟಗಳ ಒಂದು ಪಟ್ಟಿ ಮಾಡು ಎಂದು ನಾಗಭೂಷಣ್ ಹೇಳಿದ್ದರು. ಪ್ರತಿ ವೆಬ್ ಪುಟಕ್ಕೂ ಕಣ್ಣಿಗೆ ಕಾಣದ ತಲೆಭಾಗವೊಂದು ಇರುತ್ತದೆ. ಪುಟ ಯಾವುದರ ಬಗ್ಗೆ, ಬರೆದವರು ಯಾರು, ಎಲ್ಲ ಅಲ್ಲಿ. ಅದನ್ನು ಓದುವುದಕ್ಕೆಂದೇ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಂ, ಇತ್ತು. ತಲೆಭಾಗ ಓದುತ್ತದೆ, ಪುಟದ ಮೈ ಶುರುವಾಗುತ್ತಿದ್ದಂತೆ ಕೆಲಸ ಮುಗಿಯಿತೆಂದು ಎದ್ದುಬಿಡುತ್ತದೆ. ಅದರ ಪದ್ಧತಿ ಇನ್ನೊಂದಿತ್ತು. ಪುಟ ತನ್ನ ಬಗ್ಗೆ ಹೇಳಿಕೊಂಡದ್ದನ್ನೂ, ಪುಟವನ್ನು ಕಳಿಸಿಕೊಡುವ ಸರ್ವರ್ ಹೇಳಿದ್ದನ್ನೂ ಒಂದೇ ಗಂಟು ಕಟ್ಟಿ ಕೈಗಿಡುತ್ತದೆ. ಬರೆದವರ ಹೆಸರು ಪುಟ ಹೇಳಿದ್ದು, ಕೊನೆಗೆ ತಿದ್ದಿದ ತಾರೀಕು ಸರ್ವರ್ ಹೇಳಿದ್ದು. ಪಕ್ಕಪಕ್ಕದಲ್ಲಿ ನಿಂತಾಗ ಎರಡೂ ಸೇರಿ ಒಂದೇ ವಾಕ್ಯದಂತೆ ಕಾಣುತ್ತವೆ.

ಇಪ್ಪತ್ತು ಪುಟಕ್ಕೆ ಓಡಿಸಿ ನೋಡಿದಳು. ಹದಿನಾರರಲ್ಲಿ ಅರುಣ ಸಿದ್ದಬಸಪ್ಪ ಅಣ್ಣಿಗೇರಿ. ಎಲ್ಲಕ್ಕಿಂತ ಹೊಸ ತಾರೀಕು ಮಹಾಲಕ್ಷ್ಮಿ ಲೇಔಟಿನ ಛತ್ರದ್ದು, ಹೋದ ಗುರುವಾರ. ಸಾರ್ ಹೊರಗಿನವರಿಗೂ ಕೆಲಸ ಕೊಡುತ್ತಾರೆ, ಅವರಲ್ಲಿ ಒಬ್ಬನಿರಬೇಕು ಎಂದುಕೊಂಡಳು. ಸಾರನ್ನು ಒಂದು ಮಾತು ಕೇಳಬೇಕೆಂಬ ತಾಳ್ಮೆಯೂ ಇಲ್ಲದೆ ಖಾನಾವಳಿಗೆ ಓಡಿ, ನಿಮ್ಮ ತಮ್ಮ ಇದ್ದಾನೆ, ಹೋದ ಗುರುವಾರವೂ ಆ ಛತ್ರದ ಪುಟ ತಿದ್ದಿದ್ದಾನೆ ಅಂದಳು. ಶಿವಕ್ಕ ಹಿಟ್ಟಿನ ಕೈಯಲ್ಲೇ ಅವಳ ಗಲ್ಲ ಹಿಡಿದು ಅತ್ತುಬಿಟ್ಟರು.

"ಅಕ್ಕ, ಅವನು ಬರಲ್ಲ..."

"ಬರಲ್ಲ ಅಂದ್ರೆ... ಈವತ್ತಲ್ಲ, ನಾಳೇನೂ ಅಲ್ಲ. ನಾನು ನಿನ್ನೆ ಹೇಳಿದ್ದು ತಪ್ಪು ಅಕ್ಕ... ಸುಳ್ಳು ಹೇಳಿದ್ದಲ್ಲ. ನಂಗೇ ಗೊತ್ತಿರ್ಲಿಲ್ಲ..."

ಬೆಳಿಗ್ಗೆ ಬಂದ ಕೂಡಲೇ ನಾಗಭೂಷಣರನ್ನು ಕೇಳಿದ್ದಳು, ಈ ಅರುಣ ಎಲ್ಲಿರುತ್ತಾರೆ ಸಾರ್ ಎಂದು. ಅವರು ಕಾಫಿ ಕುಡಿಯುತ್ತಾ, ಯಾವ ಅರುಣ ಅಂದರು. ಹೆಸರು ತೋರಿಸಿದ ಮೇಲೆ ನಕ್ಕರು. ಆ ಮುಚ್ಚಿದ ಸೆಂಟರಿನ ಪುಟಗಳನ್ನೆಲ್ಲ ಇವರೇ ವಹಿಸಿಕೊಂಡಿದ್ದರಂತೆ. ಅಲ್ಲಿದ್ದ ಯಾವನೋ ಮಾಡಿದ ಒಂದು ಪುಟ ಚೆನ್ನಾಗಿತ್ತು, ಅದನ್ನೇ ನಮೂನೆ ಮಾಡಿಕೊಂಡರು. ಹೊಸ ಗಿರಾಕಿ ಬಂದರೆ ಅದನ್ನೇ ತೆರೆಯುವುದು, ಬೇರೆ ಹೆಸರಲ್ಲಿ ಉಳಿಸುವುದು, ಮೈಯಲ್ಲಿರುವ ಚಿತ್ರ, ಅಕ್ಷರ ಬದಲಾಯಿಸುವುದು. ತಲೆಭಾಗ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಅದನ್ನು ಮುಟ್ಟಿದವರಿಲ್ಲ.

"ಹೆಸರು ಹಳೇದು ಅಕ್ಕ, ತಾರೀಕು ಮಾತ್ರ ಹೊಸದು. ಎರಡನ್ನೂ ಸೇರಿಸಿ ಓದ್ಬಿಟ್ಟೆ ನಾನು..."

"ಹೋದ ಗುರುವಾರ ತಿದ್ದಿದ್ದು ಯಾರಾ?..."

ಶಿವಕ್ಕ ಅದನ್ನು ಕೇಳಿಯೇ ಕೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಛತ್ರದ ಫೋನ್ ನಂಬರ್ ಬದಲಾಗಿತ್ತು. ಪುಟ ತೆರೆದು, ಹಳೆಯ ನಂಬರ್ ಅಳಿಸಿ, ಹೊಸದು ಹಾಕಿ ಉಳಿಸಿದ್ದು ಎರಡು ನಿಮಿಷದ ಕೆಲಸ. ಆ ದಿನ ಅಂಥವು ಮೂವತ್ತು ಮಾಡಿದ್ದಳು. ನಿನ್ನೆ ಪಟ್ಟಿಯಲ್ಲಿ ಆ ತಾರೀಕು ನೋಡಿದಾಗ ತನ್ನ ಕೈಯೇ ತನಗೆ ನೆನಪಾಗಲಿಲ್ಲ.

"ನಾನೇ ಅಕ್ಕ. ಗುರುವಾರ ತಿದ್ದಿದ್ದು ನಾನೇ..."



"ಇಲ್ಲ, ನಾನವನನ್ನ ನೋಡಿಲ್ಲ. ಜೊತೇಲಿ ಕೆಲಸಾನೂ ಮಾಡಿಲ್ಲ... ಹೇಗೆ ಹೇಳ್ಲಿ ನಿಮಗೆ..."

ಕೆಳಗಡೆ ಯಂತ್ರ ಮತ್ತೆ ಗುರ್ರೆಂದಿತು. ಶಿವಕ್ಕ ತನ್ನ ಮುಂದೆ ದಿನವೂ ತಂದಿಡುವ ಹಿತ್ತಾಳೆ ಚೊಂಬು ಚೈತನ್ಯಾಗೆ ನೆನಪಾಯಿತು. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಮುತ್ತವ್ವ ಎಂದು ಹೊಡೆದಿತ್ತು.

"ನಿಮ್ಮ ಅವ್ವನ ಚೊಂಬಿದೆಯಲ್ಲ ಅಕ್ಕ, ಹೆಸರು ಹೊಡ್ಸಿರೋದು. ನಿನ್ನೆ ಅದರಲ್ಲಿ ನಾನು ನೀರು ಕುಡ್ದೆ. ಹಂಗಂತ ನಿನ್ನೆ ನಿಮ್ಮ ಅವ್ವ ನೀರು ಕುಡಿದ್ರು ಅಂತ ಆಗುತ್ತಾ?... ಹಾಂ. ಅಷ್ಟೇ. ನಾನು ನಿಮಗೆ ಹೇಳಿದ್ದು ಹಂಗೇ ಆಯ್ತು..."

ಹೇಳುವುದು ಹೇಳಿ ಆಯಿತು. ಬೈಯಲಿ ಎಂದು ಕಾದಳು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು, ಆ ಪುಣ್ಯವೂ ಸಿಗಲಿಲ್ಲ.

"ಅಳ್ಬೇಡಿ ಅಕ್ಕ... ತಪ್ಪಾಯ್ತು. ನನ್ನದೇ ತಪ್ಪು. ಬಾಯಿ ಮುಚ್ಕೊಂಡಿದ್ರೆ ನೀವು ನಿಮ್ಮ ಪಾಡಿಗೆ ಇರ್ತಿದ್ರಿ..."

"ಏನು?... ಹೂಂ, ಮೊದಲನೇ ಪುಟ ಅವನೇ ಮಾಡಿದ್ದು. ಅದಂತೂ ನಿಜ... ಹೂಂ, ಆ ಹೆಸರು ಹೊಡೆದಿದ್ದು ಅವನ ಕೈಯೇ. ಅವನ ಬೆರಳಿಂದಾನೇ... ಇಲ್ಲ, ಆಮೇಲೆ ಯಾರೂ ಹೊಡೆದಿಲ್ಲ, ಇದ್ದದ್ದನ್ನೇ ತಗೊಂಡು ಹೋದ್ರು, ಒಂದರಿಂದ ಇನ್ನೊಂದಕ್ಕೆ..."

ಚೊಂಬಿನ ಮಾತು ಶಿವಕ್ಕನಿಗೆ ಚೆನ್ನಾಗಿಯೇ ಅರ್ಥವಾಗಿತ್ತು, ಚೈತನ್ಯಾ ಅಂದುಕೊಂಡದ್ದಕ್ಕಿಂತ ಚೆನ್ನಾಗಿ. ಅವ್ವ ಹೋಗಿ ಹದಿನೆಂಟು ವರ್ಷವಾದರೂ ಆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುವಾಗ ಹೆಸರಿರುವ ಕಡೆ ಮೆಲ್ಲಗೆ ತಿಕ್ಕುತ್ತೇನೆ ಅಂದರು. ಹೋಗಲಿ ಬಿಡು ತಂಗಿ, ಅವನು ಬರದಿದ್ದರೆ ಬೇಡ, ಅವನ ಕೈಯಿಂದ ಹೊಡೆದ ಹೆಸರು ಎಷ್ಟೋ ಕಡೆ ಇದೆ ಅಂದೆಯಲ್ಲ, ಇದ್ದದ್ದನ್ನೇ ತಗೊಂಡು ಹೋದರು ಅಂದೆಯಲ್ಲ, ಅದೊಂದು ಇರಲಿ. ಮೂರು ವರ್ಷದಲ್ಲಿ ಅವನದು ಅಂತ ಕಂಡದ್ದು ಅದೊಂದೇ. ನೀನು ಮಾತ್ರ ಅದನ್ನು ತೆಗೆಸಬೇಡ.



"ಇಲ್ಲ, ಕೇಳಿಸ್ತು ಅಕ್ಕ. ಕೇಳಿಸ್ತು..."

ಕೇಳಿಸಿತ್ತು, ಆದರೆ ಕೇಳಿಸುವ ಹೊತ್ತು ಮೀರಿತ್ತು. ಬೆಳಿಗ್ಗೆ ನಕ್ಕ ನಾಗಭೂಷಣ್ ಆಮೇಲೆ ಗಂಭೀರವಾಗಿ, ಇನ್ನೊಬ್ಬನ ಹೆಸರು ನಮ್ಮ ಪುಟದಲ್ಲಿ ಯಾಕಿರಬೇಕು, ಈಗ ನೋಡಿಕೊಳ್ಳುವವಳು ನೀನು ತಾನೇ, ಎಲ್ಲದರಲ್ಲೂ ನಿನ್ನ ಹೆಸರೇ ಹಾಕು ಅಂದಿದ್ದರು. ಅದೇ ಲೈಬ್ರರಿ, ಇನ್ನೆರಡು ಸಾಲು ಪ್ರೋಗ್ರಾಂ. ಹೆಸರಿದ್ದ ಜಾಗ ಹುಡುಕು, ಅಳಿಸು, ಚೈತನ್ಯಾ ಎಂದು ಬರೆ, ಮೇಲಕ್ಕೆ ಕಳಿಸು. ಇನ್ನೂರ ಹನ್ನೆರಡು ಪುಟ ಸರ್ವರಿಗೆ ಏರುವಾಗ ಪರದೆಯ ಮೇಲೆ ತನ್ನ ಹೆಸರು ಸಾಲಾಗಿ ಇಳಿಯುವುದನ್ನು ನೋಡಿದ್ದಳು. ಸುಳ್ಳೇಕೆ, ಖುಷಿಯೇ ಆಗಿತ್ತು. ಹಳೆಯದರ ಒಂದು ಪ್ರತಿ ತೆಗೆದಿಡಬೇಕೆಂದು ಹೊಳೆಯಲೇ ಇಲ್ಲ. ಆ ಹೊತ್ತಿನಲ್ಲೇ ತಮ್ಮಣ್ಣನವರು ಫೋನು ಮಾಡಿ ಮಾಡಿ ಎಂಗೇಜ್ ಸದ್ದು ಕೇಳುತ್ತಿದ್ದರು.

"ಈಗ್ಲೇ ನೋಡ್ಬೇಕಾ?... ತಮ್ಮಣ್ಣನವರು ಛತ್ರದ ಕಂಪ್ಯೂಟರಲ್ಲೇ ತೋರಿಸ್ತಾರಂತಾ... ಅಲ್ಲ ಅಕ್ಕ, ಆ ಪುಟಾನ ಅವರೇ ಒಂದಿನಾನೂ ತೆಗೆದು ನೋಡಿಲ್ವಂತೆ, ಅವರಿಗೆ ಬರಲ್ಲ..."

ಅವರಿಗೆ ಬಾರದಿದ್ದರೂ ಶಿವಕ್ಕನಿಗೆ ಬರುತ್ತಿತ್ತು. ತಲೆಭಾಗ ನೋಡಬೇಕಾದರೆ ಪುಟ ತೆರೆದು ಮೇಲಿನ ವ್ಯೂ ಎನ್ನುವುದನ್ನು ಒತ್ತಬೇಕು, ಕೆಳಗಿನ ಸೋರ್ಸ್ ಒತ್ತಬೇಕು ಎಂದು ನಿನ್ನೆ ಇವಳೇ ಉತ್ಸಾಹದಿಂದ ಹೇಳಿಕೊಟ್ಟಿದ್ದಳು. ಶಿವಕ್ಕ ಎರಡು ಇಂಗ್ಲಿಷ್ ಶಬ್ದವನ್ನೂ ಬಾಯಿಪಾಠ ಮಾಡಿಕೊಂಡೇ ಹೊರಟಿದ್ದರು. ಇಂಗ್ಲಿಷ್ ಓದಲು ಬಾರದು. ಹೆಸರನ್ನು ತಮ್ಮಣ್ಣನವರು ಗಟ್ಟಿಯಾಗಿ ಓದಿ ಹೇಳಿದರೆ ಸಾಕು ಎನ್ನುತ್ತಿದ್ದರು. ಕೇಳಿಸಿಕೊಂಡು, ಬುತ್ತಿಯನ್ನು ಛತ್ರದ ಕೆಲಸದವರಿಗೆ ಕೊಟ್ಟು, ಎದ್ದು ಹೋಗುತ್ತಾರಂತೆ.

ಚೈತನ್ಯಾ ಎದುರಿಗಿದ್ದ ಕಂಪ್ಯೂಟರ್ ನೋಡಿದಳು. ಆ ಒಂದು ಪುಟದಲ್ಲಾದರೂ ಹಳೆಯ ಹೆಸರು ಮತ್ತೆ ಹಾಕಿಬಿಡೋಣ ಎನಿಸಿತು. ಹಾಕಬೇಕೆಂದರೆ ನೆಟ್ ಬೇಕು, ನೆಟ್ಟಿಗೆ ತಾನು ಹಿಡಿದಿರುವ ಇದೇ ತಂತಿ ಬೇಕು. ಫೋನು ಇಟ್ಟರೆ ಆ ಕಡೆಯ ತಂತಿಯೂ ಬಿಡುವಾಗುತ್ತದೆ, ಅವರೂ ಪುಟ ತೆರೆಯುತ್ತಾರೆ. ಹಾಗೂ ಹಾಕಿದರೆ ಅದು ತಾನು ಹೊಡೆದ ಹೆಸರು, ಅರುಣ ಹೊಡೆದದ್ದಲ್ಲ. ನಿನ್ನೆ ತಿಳಿಯದೆ ಹೇಳಿದ ಸುಳ್ಳನ್ನು ಈವತ್ತು ತಿಳಿದೂ ಹೇಳಿದಂತಾಗುತ್ತದೆ. ಫೋನು ಹಿಡಿದಿರುವಷ್ಟು ಹೊತ್ತು ಮಾತ್ರ ಶಿವಕ್ಕ ಏನನ್ನೂ ನೋಡಲಾರರು. ಅದೊಂದೇ ಅವಳ ಕೈಯಲ್ಲಿತ್ತು.

"ಊಟ ಆಯ್ತಾ ಅಕ್ಕ?... ಅಲ್ಲ, ಬೆಳಿಗ್ಗೆ ಏನಾದ್ರೂ ತಿಂದ್ರಾ ಅಂತ... ಬಸ್ಸಲ್ಲಿ ಬಂದ್ರಾ, ಆಟೋನಾ?... ನವರಂಗ್ ಹತ್ರ ಇಳ್ಕೊಂಡು ನಡ್ಕೊಂಡು ಹೋದ್ರಾ, ಈ ಬಿಸ್ಲಲ್ಲಿ..."

"ದಾನಮ್ಮಂಗೆ ರೊಟ್ಟಿ ತಟ್ಟೋಕೆ ಬರುತ್ತಾ ಅಕ್ಕ?... ಹೂಂ... ಹೂಂ, ನಿಮ್ಮಷ್ಟು ತೆಳ್ಳಗೆ ಬರಲ್ಲ..."

"ಏನಂತೆ ತಮ್ಮಣ್ಣನವರು?... ಲೈನ್ ಬೇಕಂತಾ... ಹೌದು, ನಂಗೂ ಗೊತ್ತು, ಫೋನ್ ಇಡದೇ ನೆಟ್ ಬರಲ್ಲ... ಇಡ್ಬೇಡಿ ಅಕ್ಕ. ಒಂದ್ನಿಮಿಷ ಇಡ್ಬೇಡಿ..."

ಹೇಳದಿದ್ದರೆ ತಮ್ಮಣ್ಣನವರು ಓದುತ್ತಾರೆ. ಅರುಣ ಎಂದು ಕೇಳಲು ಕಿವಿ ಕೊಟ್ಟು ಕೂತವರಿಗೆ ಚೈತನ್ಯಾ ಎಂದು ಓದುತ್ತಾರೆ. ಅದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದುಕೊಂಡಳು.

"ನಿನ್ನೇವರೆಗೂ ಇತ್ತು ಅಕ್ಕ. ಈವತ್ತು ಬೆಳಿಗ್ಗೆವರೆಗೂ... ಇಲ್ಲ, ಪುಟ ಇದೆ, ಪುಟ ಎಲ್ಲೂ ಹೋಗಿಲ್ಲ... ತಮ್ಮಣ್ಣನವರಿಗೆ ಹೇಳಿ, ತಂತಿ ಕೀಳ್ಬೇಡಿ ಅಂತ. ಅವರು ಆಮೇಲೆ ಮಾತಾಡ್ಲಿ, ನೀವು ಕೇಳಿಸ್ಕೊಳ್ಳಿ ಮೊದ್ಲು. ಆ ಹೆಸರನ್ನ ಮೂರು ವರ್ಷ ಯಾರೂ ಮುಟ್ಟಿರ್ಲಿಲ್ಲ ಅಕ್ಕ. ಈವತ್ತು ನಾನು..."

ಟಕ್ ಎಂದು ಲೈನು ಸತ್ತಿತು.

"ಹಲೋ?... ಅಕ್ಕ?... ಶಿವಕ್ಕ, ಕೇಳಿಸ್ತಾ?..."

ಫೋನನ್ನು ಕುಕ್ಕಿ ಮತ್ತೆ ಎತ್ತಿ ಛತ್ರದ ನಂಬರ್ ಒತ್ತಿದಳು. ಗುರುವಾರ ತಾನೇ ಹಾಕಿದ ನಂಬರ್, ಚೀಟಿ ನೋಡಬೇಕಾಗಲಿಲ್ಲ. ಆ ಕಡೆ ಎಂಗೇಜ್ ಬರುತ್ತಿತ್ತು.